ಲ್ಯಾಪ್ ಸ್ಟೀಲ್ ಗಿಟಾರ್: ಕಟ್ಟುವ, ಶ್ರುತಿ ಮಾಡುವ ಮತ್ತು ನುಡಿಸುವ ಕ್ರಮ

ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು, ತಂತಿಗಳನ್ನು ಬೆರಳಿನಿಂದ ಒತ್ತದೆ ಅವುಗಳ ಮೇಲೆ ನುಣುಪಾದ ಉಕ್ಕಿನ ಬಾರ್ ಒಂದನ್ನು ಜಾರಿಸುತ್ತ ನುಡಿಸುವ ಗಿಟಾರನ್ನು ಲ್ಯಾಪ್ ಸ್ಟೀಲ್ ಎನ್ನುತ್ತಾರೆ. ಈ ವಿಧಾನ ಹುಟ್ಟಿದ್ದು ಹವಾಯಿ ದ್ವೀಪಗಳಲ್ಲಿ. 1880ರ ದಶಕದ ಕೊನೆಯ ಹೊತ್ತಿಗೆ ಜೋಸೆಫ್ ಕೆಕುಕು ಎಂಬ ಹುಡುಗ ಅದನ್ನು ರೂಢಿಗೆ ತಂದನೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಮುಂದೆ ರಿಕನ್‌ಬ್ಯಾಕರ್ ಎಂದು ಹೆಸರಾದ ಸಂಸ್ಥೆ 1932ರಲ್ಲಿ ಮಾರುಕಟ್ಟೆಗೆ ತಂದ, 'ಫ್ರೈಯಿಂಗ್ ಪ್ಯಾನ್' ಎಂದೇ ಪ್ರಸಿದ್ಧವಾದ ಎಲೆಕ್ಟ್ರಿಕ್ ಗಿಟಾರ್ ಕೂಡ ಲ್ಯಾಪ್ ಸ್ಟೀಲೇ ಆಗಿತ್ತು. ಜಾರ್ಜ್ ಬೋಶಾಂಪ್ ರೂಪಿಸಿದ ಆ ವಾದ್ಯದ ಒಡಲು ಎರಕದ ಅಲ್ಯೂಮಿನಿಯಂ. ದೀಪಗಳ ಶಾಖಕ್ಕೆ ಲೋಹ ಹಿಗ್ಗಿ ಶ್ರುತಿ ಕದಲುತ್ತಿತ್ತು ಎಂಬುದು ಅದರ ಮೇಲಿದ್ದ ಮುಖ್ಯ ದೂರು. ಮನೆಯಲ್ಲಿ ಕಟ್ಟುವವರು ಮರವನ್ನೇ ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣವಾಗಬಹುದು.

ಈ ವಾದ್ಯಕ್ಕೆ ಫ್ರೆಟ್ ಎನ್ನುವ, ಸ್ವರಸ್ಥಾನಗಳ ಅಡ್ಡ ಕಂಬಿಗಳನ್ನು ಕೂರಿಸಬೇಕಾಗಿಲ್ಲ, ಕತ್ತನ್ನು ಪ್ರತ್ಯೇಕವಾಗಿ ಕೆತ್ತಿ ಜೋಡಿಸಬೇಕಾಗಿಲ್ಲ, ಕತ್ತಿನೊಳಗೆ ಬಾಗು ತಿದ್ದುವ ಸರಳೂ ಬೇಕಾಗಿಲ್ಲ. ಒಂದು ದಪ್ಪ ಹಲಗೆ, ತಂತಿಗಳನ್ನು ಹೊರುವ ಎರಡು ಆಧಾರಗಳು (ಬಿರಡೆಗಳ ಕಡೆಯದು ನಟ್, ಇನ್ನೊಂದು ತುದಿಯದು ಬ್ರಿಡ್ಜ್), ಆರು ಬಿರಡೆಗಳು ಮತ್ತು ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಒಂದು ಪಿಕಪ್ ಇದ್ದರೆ ವಾದ್ಯ ಸಿದ್ಧವಾಗುತ್ತದೆ. ಆದುದರಿಂದಲೇ ಹೊಸದಾಗಿ ಕಟ್ಟುವವರು ಒಡಲಿನ ಆಕಾರ ಮತ್ತು ಹೊಳಪಿನ ಮೇಲೆ ವಾರಗಟ್ಟಲೆ ದುಡಿದು, ತಂತಿಗಳು ಎರಡು ತುದಿಗಳಲ್ಲಿ ಹೇಗೆ ಕೂರುತ್ತವೆ ಎಂಬುದನ್ನು ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ಶ್ರಮದ ಹಂಚಿಕೆ ಇದಕ್ಕೆ ತಿರುಗುಮುರುಗಾಗಿರಬೇಕು. ಒಡಲು ಆಯತಾಕಾರದ ಹಲಗೆಯಾಗಿಯೇ ಉಳಿದರೂ ನಾದಕ್ಕೆ ನಷ್ಟವಿಲ್ಲ. ಆದರೆ ತಂತಿಗಳ ಮೇಲ್ಮೈ ಅರ್ಧ ಮಿಲಿಮೀಟರ್ ಏರುಪೇರಾದರೂ ಬಾರ್ ಅದನ್ನು ಕ್ಷಮಿಸುವುದಿಲ್ಲ.

ಕಟ್ಟುವ ಮೊದಲು ವಾದ್ಯದ ಸ್ವಭಾವವನ್ನು ಅರಿಯಬೇಕೆನ್ನುವವರು ಸಾಮಾನ್ಯ ಗಿಟಾರಿನ ನಟ್ ಮೇಲೆ ಹಾಕುವ ಎತ್ತರಿಸುವ ಲೋಹದ ಪಟ್ಟಿಯೊಂದನ್ನು ತಂದು ತಂತಿಗಳನ್ನು ಮೇಲೆತ್ತಿ ಪರೀಕ್ಷಿಸಬಹುದು. ತಂತಿಗಳು ಫ್ರೆಟ್‌ಗಳಿಗೆ ತಾಗದಷ್ಟು ಎತ್ತರವಾದರೆ ಸಾಕು, ಕೆಲವು ದಿನಗಳ ಅಭ್ಯಾಸಕ್ಕೆ ಅದು ಧಾರಾಳವಾಗಿ ಒದಗುತ್ತದೆ.

ಉದ್ದ ಮತ್ತು ಗೆರೆಗಳು

ಮೊದಲು ನಿರ್ಧರಿಸಬೇಕಾದುದು ತಂತಿಯ ಮಿಡಿಯುವ ಉದ್ದ, ಅಂದರೆ ನಟ್ ಮೇಲೆ ತಂತಿ ತಾಗುವ ಬಿಂದುವಿನಿಂದ ಬ್ರಿಡ್ಜ್ ಮೇಲೆ ತಾಗುವ ಬಿಂದುವಿನವರೆಗಿನ ದೂರ. ಹಳೆಯ ತಯಾರಕರು ಬಹಳವಾಗಿ ಬಳಸಿದ ಅಳತೆ 22.5 ಇಂಚು, ಎಂದರೆ 571.5 ಮಿ.ಮೀ. ಈ ಉದ್ದದಲ್ಲಿ, ಬಾರ್ ಎಲ್ಲಿಡಬೇಕೆಂದು ತೋರಿಸಲು ಹಲಗೆಯ ಮೇಲೆ ಎಳೆಯುವ ಗೆರೆಗಳು ತೀರ ದೂರವಾಗದೆ ಬಾರನ್ನು ಓರೆಯಾಗಿ ಹಿಡಿಯುವುದು ಸಲೀಸಾಗುತ್ತದೆ. ಹೆಚ್ಚು ಉದ್ದದ ವಾದ್ಯದಲ್ಲಿ ಮಂದ್ರದ ತಂತಿಗಳು ಬಿಗಿಯಾಗಿ, ತುಂಬಿಕೊಂಡು ನುಡಿಯುತ್ತವೆ ಎಂಬುದು ನಿಜ, ಆದರೆ ಮೊದಲ ವಾದ್ಯಕ್ಕೆ 571.5 ಮಿ.ಮೀ. ಸಾಕೆಂಬುದೇ ನನ್ನ ಅಭಿಪ್ರಾಯ.

ಫ್ರೆಟ್‌ಗಳ, ಅಂದರೆ ಇಲ್ಲಿ ಕಂಬಿಗಳ ಬದಲು ಎಳೆಯುವ ಈ ಗೆರೆಗಳ, ಸ್ಥಾನ ಕಂಡುಹಿಡಿಯಲು ಇಡೀ ಉದ್ದವನ್ನು 17.817ರಿಂದ ಭಾಗಿಸಿದರೆ ನಟ್‌ನಿಂದ ಮೊದಲ ಗೆರೆಯ ದೂರ ಸಿಗುತ್ತದೆ, ಆ ದೂರವನ್ನು ಕಳೆದು ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಮೊದಲನೆಯ ಗೆರೆಗೂ ಎರಡನೆಯದಕ್ಕೂ ನಡುವಿನ ಅಂತರ ಬರುತ್ತದೆ, ಹೀಗೆಯೇ ಮುಂದುವರಿಯಬೇಕು. 571.5 ಮಿ.ಮೀ. ಉದ್ದಕ್ಕೆ ಮೊದಲ ಗೆರೆ 32.1 ಮಿ.ಮೀ., ಎರಡನೆಯದು 62.4, ಮೂರನೆಯದು 90.9, ನಾಲ್ಕನೆಯದು 117.9, ಐದನೆಯದು 143.4, ಏಳನೆಯದು 190.1, ಹನ್ನೆರಡನೆಯದು ಸರಿಯಾಗಿ ಅರ್ಧ, ಅಂದರೆ 285.75, ಮತ್ತು ಇಪ್ಪತ್ತನಾಲ್ಕನೆಯದು 428.6 ಮಿ.ಮೀ. ದೂರದಲ್ಲಿ ಬೀಳುತ್ತವೆ. ಲೆಕ್ಕ ಹೀಗೆ ಸರಣಿಯಾಗಿ ನಡೆದರೂ ಹಲಗೆಯ ಮೇಲೆ ಗುರುತು ಹಾಕುವಾಗ ಪ್ರತಿಯೊಂದು ಗೆರೆಯನ್ನೂ ನಟ್‌ನಿಂದಲೇ ಅಳೆಯಬೇಕು. ಒಂದು ಗೆರೆಯಿಂದ ಮುಂದಿನ ಗೆರೆಗೆ ಅಳೆಯುತ್ತ ಹೋದರೆ ಪೆನ್ಸಿಲ್ ಮೊನೆಯಷ್ಟು ತಪ್ಪು ಕೂಡ ಸೇರುತ್ತ ಸೇರುತ್ತ ಹನ್ನೆರಡನೆಯ ಗೆರೆಯ ಹೊತ್ತಿಗೆ ಕಿವಿಗೆ ಕೇಳುವಷ್ಟಾಗುತ್ತದೆ. ಬಾರ್ 1 ಮಿ.ಮೀ. ಆಚೀಚೆಯಾದರೆ ಮೊದಲ ಫ್ರೆಟ್ ಬಳಿ ಸ್ವರ ಸುಮಾರು 3 ಸೆಂಟ್ ಕದಲುತ್ತದೆ, ಹನ್ನೆರಡನೆಯದರ ಬಳಿ ಸುಮಾರು 6 ಸೆಂಟ್, ಇಪ್ಪತ್ತನಾಲ್ಕನೆಯದರ ಬಳಿ 12 ಸೆಂಟ್. ಅರ್ಧಸ್ವರದ ನೂರನೆಯ ಒಂದು ಭಾಗವನ್ನು ಸೆಂಟ್ ಎನ್ನುತ್ತಾರೆ.

ಸಾಮಾನ್ಯ ಗಿಟಾರಿನಲ್ಲಿ ತಂತಿಯನ್ನು ಫ್ರೆಟ್‌ಗೆ ಒತ್ತುವಾಗ ಅದು ಹಿಗ್ಗಿ ಸ್ವರ ಸ್ವಲ್ಪ ಏರುವುದರಿಂದ ಬ್ರಿಡ್ಜನ್ನು ತಂತಿಗೊಂದರಂತೆ ಹಿಂದೆ ಸರಿಸಿ ಪರಿಹಾರ ಕೊಡಬೇಕಾಗುತ್ತದೆ. ಇಲ್ಲಿ ಒತ್ತುವ ಪ್ರಶ್ನೆಯೇ ಇಲ್ಲ. ನಟ್ ಮತ್ತು ಬ್ರಿಡ್ಜ್ ಎರಡೂ ನೇರವಾಗಿ, ಒಂದಕ್ಕೊಂದು ಸಮಾಂತರವಾಗಿದ್ದರೆ ಆಯಿತು. ಗೆರೆಗಳನ್ನು ಗಣಕದಲ್ಲಿ ಬರೆದು ಕಾಗದದ ಮೇಲೆ ಮುದ್ರಿಸಿ, ಹಲಗೆಗೆ ಅಂಟಿಸಿ ಮೇಲೆ ವಾರ್ನಿಶ್ ಹೊಡೆಯುವುದು ಎಲ್ಲಕ್ಕಿಂತ ಸರಳ ದಾರಿ. ಆದರೆ ಮುದ್ರಣಯಂತ್ರಗಳು ತಾವಾಗಿಯೇ ಚಿತ್ರವನ್ನು ಕುಗ್ಗಿಸುವುದುಂಟು, ಆದ್ದರಿಂದ ಅಂಟಿಸುವ ಮೊದಲು ಹನ್ನೆರಡನೆಯ ಗೆರೆಯನ್ನು ಉಕ್ಕಿನ ಅಳತೆಪಟ್ಟಿಯಿಂದ ಪರೀಕ್ಷಿಸಿಕೊಳ್ಳಬೇಕು. ಮರದಲ್ಲಿ ಸಣ್ಣ ಗರಗಸದಿಂದ ಗೀರು ಹಾಕಿ ಬೇರೆ ಬಣ್ಣದ ಮರದ ಸೀಳುಗಳನ್ನು ಕೂರಿಸಿದರೆ ನೋಟ ಚೆಲುವಾಗಿರುತ್ತದೆ, ಬಾಳಿಕೆಯೂ ಹೆಚ್ಚು.

ಒಡಲು

ಸುಮಾರು 800 ಮಿ.ಮೀ. ಉದ್ದ, 100 ಮಿ.ಮೀ. ಅಗಲ ಮತ್ತು 40 ಮಿ.ಮೀ. ದಪ್ಪದ, ಚೆನ್ನಾಗಿ ಒಣಗಿದ, ಗಂಟುಗಳಿಲ್ಲದ, ಎಳೆ ನೇರವಾಗಿರುವ ಗಟ್ಟಿ ಮರದ ತುಂಡೊಂದು ಸಾಕು. ತೇಗ, ಮಹಾಗನಿ, ಮೇಪಲ್, ಆಶ್ ಮುಂತಾದ ಯಾವುದಾದರೂ ಆಗಬಹುದು. ಯಾವ ಮರ ಯಾವ ನಾದ ಕೊಡುತ್ತದೆ ಎಂಬ ವಾದಕ್ಕೆ ಕೊನೆಯಿಲ್ಲ; ಹಲಗೆ ಬಾಗದಷ್ಟು ಬಿಗಿಯಾಗಿರಬೇಕೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಮುಂದೆ ಹೇಳುವ ಶ್ರುತಿಯಲ್ಲಿ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋಗ್ರಾಂ ಭಾರಕ್ಕೆ ಸಮನಾಗುತ್ತದೆ. ಅದು ಹಗಲು ರಾತ್ರಿ ಹಲಗೆಯ ಎರಡು ತುದಿಗಳನ್ನು ಒಂದರ ಕಡೆಗೊಂದು ಎಳೆಯುತ್ತಲೇ ಇರುತ್ತದೆ. ಹಸಿ ಉಳಿದ ಮರವಾದರೆ ಕೆಲವೇ ತಿಂಗಳುಗಳಲ್ಲಿ ತಿರುಚಿಕೊಳ್ಳುತ್ತದೆ, ಆಮೇಲೆ ಆ ವಾದ್ಯವನ್ನು ಸರಿಪಡಿಸುವ ಉಪಾಯವಿಲ್ಲ.

ಹಲಗೆಯನ್ನು ಸಪಾಟಾಗಿ ಕೀಸಿದ ಮೇಲೆ ನಡುವಿನಲ್ಲಿ ಉದ್ದಕ್ಕೂ ಒಂದು ಮಧ್ಯರೇಖೆ ಎಳೆಯಬೇಕು. ಮುಂದಿನ ಎಲ್ಲ ಅಳತೆಗಳಿಗೂ ಅದೇ ಆಧಾರ. ಒಂದು ತುದಿಯಿಂದ 150 ಮಿ.ಮೀ. ಬಿಟ್ಟು ನಟ್‌ನ ಗೆರೆಯನ್ನೂ, ಅಲ್ಲಿಂದ 571.5 ಮಿ.ಮೀ. ದೂರದಲ್ಲಿ ಬ್ರಿಡ್ಜ್‌ನ ಗೆರೆಯನ್ನೂ ಮಧ್ಯರೇಖೆಗೆ ಲಂಬವಾಗಿ ಎಳೆಯಬೇಕು. ನಟ್‌ನ ಆಚೆಗಿನ ಭಾಗವೇ ಬಿರಡೆಗಳ ತಲೆ. ಅಲ್ಲಿ ಮರವನ್ನು ಮೇಲಿನಿಂದ ಕೆತ್ತಿ ದಪ್ಪವನ್ನು ಸುಮಾರು 15 ಮಿ.ಮೀ.ಗೆ ಇಳಿಸಬೇಕು. ಹೆಚ್ಚಿನ ಬಿರಡೆಗಳು ಅದಕ್ಕಿಂತ ದಪ್ಪವಾದ ಮರದಲ್ಲಿ ಕೂರುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಹೆಚ್ಚು ಮುಖ್ಯವಾದದ್ದು: ಹೀಗೆ ತಗ್ಗಿಸಿದಾಗ ತಂತಿ ನಟ್ ದಾಟಿದ ಕೂಡಲೆ ಕೆಳಮುಖವಾಗಿ ಬಾಗಿ, ನಟ್ ಮೇಲೆ ಗಟ್ಟಿಯಾಗಿ ಒತ್ತಿ ಕೂರುತ್ತದೆ. ಈ ಬಾಗು ಕನಿಷ್ಠ 10 ಡಿಗ್ರಿಯಾದರೂ ಇರದಿದ್ದರೆ ಬರಿತಂತಿ ಮೀಟಿದಾಗ ಝೇಂಕಾರದ ಜೊತೆ ಒಂದು ಬಗೆಯ ಕಿರಿಕಿರಿ ಸದ್ದು ಸೇರಿಕೊಳ್ಳುತ್ತದೆ, ನುಡಿ ಬೇಗ ಅಡಗುತ್ತದೆ. ಬಿರಡೆಗಳ ರಂಧ್ರಗಳನ್ನು ಮೂರು ಮೂರಾಗಿ ಎರಡು ಬದಿಯಲ್ಲಿ ಕೊರೆಯುವಾಗ ಪ್ರತಿಯೊಂದು ತಂತಿಯೂ ನಟ್‌ನಿಂದ ಆದಷ್ಟು ನೇರವಾಗಿ ತನ್ನ ಬಿರಡೆಗೆ ಹೋಗುವಂತೆ ನೋಡಿಕೊಳ್ಳಬೇಕು.

ಮರಳುಕಾಗದದಿಂದ 120, 220, 320 ಎಂಬ ಕ್ರಮದಲ್ಲಿ ಉಜ್ಜಿ ಎಣ್ಣೆಯನ್ನೋ ಶೆಲ್ಲಾಕನ್ನೋ ಹಚ್ಚಿದರೆ ಮೇಲ್ಮೈ ಕೆಲಸ ಮುಗಿಯಿತು. ವಾದ್ಯದ ಕೆಳಮೈಗೆ ಹೊಳಪು ಕಡಿಮೆಯಿದ್ದಷ್ಟೂ ಒಳ್ಳೆಯದು, ತೊಡೆಯ ಮೇಲಿನಿಂದ ಜಾರುವುದಿಲ್ಲ.

ನಟ್ ಮತ್ತು ಬ್ರಿಡ್ಜ್

ಇನ್ನು ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಭಾಗಕ್ಕೆ ಬರೋಣ. ನಟ್ ಮತ್ತು ಬ್ರಿಡ್ಜ್ ಎರಡನ್ನೂ 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಕೋನಪಟ್ಟಿಯಿಂದಲೇ ಮಾಡಬಹುದು. ಒಂದು ಮಗ್ಗುಲನ್ನು ಸ್ಕ್ರೂಗಳಿಂದ ಹಲಗೆಗೆ ಬಿಗಿದರೆ ಮೇಲೆದ್ದು ನಿಂತ ಮಗ್ಗುಲು ತಂತಿಗಳನ್ನು ಹೊರುತ್ತದೆ. ಹಿತ್ತಾಳೆ ಅಥವಾ ಮೂಳೆ ಕೂಡ ಆಗಬಹುದು. ಎರಡರ ಎತ್ತರವೂ ಒಂದೇ ಆಗಿದ್ದು, ಗೆರೆಗಳಿರುವ ಮೇಲ್ಮೈಯಿಂದ ತಂತಿಗಳು 10ರಿಂದ 12 ಮಿ.ಮೀ. ಮೇಲಿರಬೇಕು. ಇದಕ್ಕಿಂತ ತಗ್ಗಿದರೆ ಬಾರ್ ಹಿಡಿದ ಬೆರಳುಗಳು ಹಲಗೆಗೆ ತಾಗುತ್ತವೆ. ಹೆಚ್ಚಾದರೆ ಕಣ್ಣಿಗೆ ಗೆರೆಯೂ ಬಾರೂ ಹೊಂದುವುದು ಕಷ್ಟ.

ತಂತಿಗಳ ನಡುವಿನ ಅಂತರವನ್ನು ಎರಡು ತುದಿಗಳಲ್ಲಿಯೂ ಒಂದೇ ಆಗಿ, 9.5 ಮಿ.ಮೀ. ಇಟ್ಟುಕೊಳ್ಳುವುದು ಅನುಕೂಲ. ಸಾಮಾನ್ಯ ಗಿಟಾರಿನಲ್ಲಿ ತಂತಿಗಳು ತಲೆಯ ಕಡೆ ಇಕ್ಕಟ್ಟಾಗುತ್ತ ಹೋಗುತ್ತವೆ. ಇಲ್ಲಿ ಅವು ಸಮಾಂತರವಾಗಿದ್ದರೆ ಬಾರಿನ ಓರೆಯ ಲೆಕ್ಕ ಎಲ್ಲ ಸ್ಥಾನಗಳಲ್ಲೂ ಒಂದೇ ಬಗೆಯಾಗಿರುತ್ತದೆ. ಆರು ತಂತಿಗಳ ಒಟ್ಟು ಹರವು ಆಗ 47.5 ಮಿ.ಮೀ. ಆಗುತ್ತದೆ.

ಈಗ ಕಚ್ಚುಗಳ ಆಳದ ವಿಷಯ. ಅತಿ ತೆಳುವಾದ ತಂತಿಗೂ ಅತಿ ದಪ್ಪನೆಯ ತಂತಿಗೂ ವ್ಯಾಸದಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ವ್ಯತ್ಯಾಸವಿದೆ. ಎಲ್ಲ ಕಚ್ಚುಗಳನ್ನೂ ಒಂದೇ ಆಳಕ್ಕೆ ಕೊರೆದರೆ ತಂತಿಗಳ ತಳ ಒಂದೇ ಮಟ್ಟದಲ್ಲಿರುತ್ತದೆ, ಆದರೆ ಬಾರ್ ಕೂರುವುದು ತಳದ ಮೇಲಲ್ಲವಲ್ಲ. ದಪ್ಪ ತಂತಿ ಬಾರನ್ನು ಎತ್ತಿಹಿಡಿದು ಪಕ್ಕದ ತೆಳು ತಂತಿಗೆ ಬಾರ್ ಸರಿಯಾಗಿ ತಾಗದಂತೆ ಮಾಡುತ್ತದೆ. ನುಡಿಸುವವನು ಒತ್ತಡ ಹೆಚ್ಚಿಸುತ್ತಾನೆ, ಒತ್ತಿದಷ್ಟೂ ಸ್ವರ ಏರುತ್ತದೆ, ತಪ್ಪು ತನ್ನ ಕೈಯದೆಂದು ಭಾವಿಸಿ ತಿಂಗಳುಗಟ್ಟಲೆ ಒದ್ದಾಡುತ್ತಾನೆ. ಆದ್ದರಿಂದ ದಪ್ಪ ತಂತಿಗಳ ಕಚ್ಚುಗಳನ್ನು ಅವುಗಳ ವ್ಯಾಸಕ್ಕೆ ತಕ್ಕಂತೆ ಆಳಗೊಳಿಸಿ, ಆರೂ ತಂತಿಗಳ ನೆತ್ತಿ ಒಂದೇ ಮಟ್ಟಕ್ಕೆ ಬರುವಂತೆ ಅರದಿಂದ ಸ್ವಲ್ಪಸ್ವಲ್ಪವೇ ತಿದ್ದುತ್ತ ಹೋಗಬೇಕು. ಪ್ರತಿ ಬಾರಿಯೂ ತಂತಿ ಬಿಗಿದು, ಬಾರನ್ನು ನಟ್‌ಗೆ ಹತ್ತಿರವಾಗಿ ಅಡ್ಡಲಾಗಿಟ್ಟು, ಹಿಂದೆ ಬೆಳಕು ಹಿಡಿದು ನೋಡಿದರೆ ಯಾವ ತಂತಿ ತಾಗುತ್ತಿಲ್ಲವೆಂಬುದು ಸಂದಿನಿಂದ ಇಣುಕುವ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬ್ರಿಡ್ಜ್ ಕಡೆಯೂ ಇದೇ ಪರೀಕ್ಷೆ ಆಗಬೇಕು. ಕಚ್ಚು ತಂತಿಯ ಅರ್ಧದಷ್ಟು ಮಾತ್ರ ಆಳವಾಗಿದ್ದು, ತಂತಿ ಮಿಡಿಯುವ ಬದಿಯ ಅಂಚಿನಲ್ಲೇ ತಾಗುವಂತಿರಬೇಕು.

ತಂತಿಗಳ ಹಿಂತುದಿಯನ್ನು ಬ್ರಿಡ್ಜ್‌ನಿಂದ ಸುಮಾರು 20 ಮಿ.ಮೀ. ಹಿಂದೆ ಹಲಗೆಯ ಮೂಲಕ ಕೊರೆದ 3 ಮಿ.ಮೀ. ರಂಧ್ರಗಳಲ್ಲಿ ಕೆಳಗಿನಿಂದ ಮೇಲಕ್ಕೆ ಹಾಯಿಸುವುದು ಭದ್ರವಾದ ಕ್ರಮ. ಕೆಳಬದಿಯಲ್ಲಿ ಲೋಹದ ಪುಟ್ಟ ಬಳೆಗಳನ್ನು ಕೂರಿಸದಿದ್ದರೆ ತಂತಿಯ ಗುಂಡುತುದಿ ನಿಧಾನವಾಗಿ ಮರವನ್ನು ಕೊರೆದುಕೊಂಡು ಒಳಹೋಗುತ್ತದೆ.

ಪಿಕಪ್ ಮತ್ತು ತಂತಿಜೋಡಣೆ

ಇಪ್ಪತ್ತನಾಲ್ಕನೆಯ ಗೆರೆಗೂ ಬ್ರಿಡ್ಜ್‌ಗೂ ನಡುವೆ ಸುಮಾರು 143 ಮಿ.ಮೀ. ಜಾಗ ಉಳಿಯುತ್ತದೆ, ಪಿಕಪ್ ಅಲ್ಲಿ ಕೂರಬೇಕು, ಮೀಟುವ ಕೈಗೂ ಅಲ್ಲಿಯೇ ಸ್ಥಳ ಬೇಕು. ಬ್ರಿಡ್ಜ್‌ಗೆ ಹತ್ತಿರವಾದಷ್ಟೂ ನಾದ ಚೂಪಾಗುತ್ತದೆ, ದೂರವಾದಷ್ಟೂ ಮೃದುವಾಗುತ್ತದೆ. 30ರಿಂದ 45 ಮಿ.ಮೀ. ದೂರದಲ್ಲಿ ಕೂರಿಸಿದರೆ ಎರಡೂ ಗುಣಗಳು ಹದವಾಗಿ ಬೆರೆಯುತ್ತವೆ. ಕೊಂಡು ತಂದ ಸಾಮಾನ್ಯ ಗಿಟಾರ್ ಪಿಕಪ್ ಸಾಕು, ಆದರೆ ಅದರ ಧ್ರುವಗಳ ಹರವು 47.5 ಮಿ.ಮೀ.ಗೆ ಹತ್ತಿರವಾಗಿದೆಯೇ ಎಂದು ನೋಡಿಕೊಳ್ಳಬೇಕು. ತಂತಿಗೂ ಪಿಕಪ್‌ಗೂ ನಡುವೆ ಮೂರು ನಾಲ್ಕು ಮಿಲಿಮೀಟರ್ ಸಂದಿಯಿಂದ ಆರಂಭಿಸಿ ಕಿವಿಗೆ ಒಪ್ಪುವಂತೆ ಹೊಂದಿಸಿಕೊಳ್ಳಬೇಕು.

ಒಂಟಿ ಸುರುಳಿಯ ಪಿಕಪ್ ಆದರೆ 250 ಕಿಲೋಓಮ್, ಜೋಡಿ ಸುರುಳಿಯ ಹಂಬಕರ್ ಆದರೆ 500 ಕಿಲೋಓಮ್ ಪೊಟೆನ್ಶಿಯೋಮೀಟರ್ (ಗುಂಡಿ ತಿರುಗಿಸಿ ಹೊಂದಿಸುವ ರೋಧಕ) ಬಳಸುವುದು ವಾಡಿಕೆ. ಟೋನ್ ನಿಯಂತ್ರಣಕ್ಕೆ 0.022 ಅಥವಾ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಕಾಗುತ್ತದೆ. ಬ್ರಿಡ್ಜ್‌ನ ಕೆಳಗಿನಿಂದ ಒಂದು ವಿದ್ಯುತ್ ತಂತಿ ತಂದು ನೆಲಸಂಪರ್ಕಕ್ಕೆ ಬೆಸೆಯುವುದನ್ನು ಮರೆತರೆ ವಾದ್ಯದ ತಂತಿಗಳ ಮೇಲೆ ಕೈಯಿಟ್ಟರೂ ಗುಯ್‌ಗುಡುವಿಕೆ ಅಡಗುವುದಿಲ್ಲ. ವಾಲ್ಯೂಮ್ ಗುಂಡಿಯನ್ನು ಬಲಗೈಯ ಕಿರುಬೆರಳಿಗೆ ಎಟುಕುವಂತೆ ಇಟ್ಟರೆ, ಮೀಟಿದ ಮೇಲೆ ಧ್ವನಿಯನ್ನು ಮೆಲ್ಲನೆ ಏರಿಸಿ ಮೀಟಿನ ಪೆಟ್ಟನ್ನು ಮರೆಮಾಡಬಹುದು. ಪಾದದ ಪೆಡಲ್ ಉಳ್ಳವರು ಅದನ್ನೇ ಕಾಲಿನಿಂದ ಮಾಡುತ್ತಾರೆ.

ಶ್ರುತಿ

ಲ್ಯಾಪ್ ಸ್ಟೀಲ್‌ಗೆ ಶ್ರುತಿಗಳು ಹತ್ತಾರು. ಬಾರ್ ನೇರವಾಗಿರುವವರೆಗೆ ಎಲ್ಲ ತಂತಿಗಳೂ ಒಂದೇ ಫ್ರೆಟ್‌ನಲ್ಲಿ ನುಡಿಯುವುದರಿಂದ, ಬರಿತಂತಿಗಳ ನಡುವಿನ ಸಂಬಂಧವೇ ವಾದ್ಯದಿಂದ ಯಾವ ಸ್ವರಮೇಳಗಳು ಸುಲಭವಾಗಿ ಹೊರಡುತ್ತವೆ ಎಂಬುದನ್ನು ನಿರ್ಧರಿಸುತ್ತದೆ. ಬ್ಲೂಗ್ರಾಸ್ ಶೈಲಿಯವರು ದಪ್ಪ ತಂತಿಯಿಂದ ತೆಳು ತಂತಿಗೆ ಜಿ, ಬಿ, ಡಿ, ಜಿ, ಬಿ, ಡಿ ಎಂದು ಶ್ರುತಿ ಮಾಡುತ್ತಾರೆ. ಬ್ಲೂಸ್ ನುಡಿಸುವವರಿಗೆ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ ಹೆಚ್ಚು ಇಷ್ಟ. ಹವಾಯಿ ಸಂಗೀತದವರೂ ಸ್ವಿಂಗ್ ಸಂಗೀತದವರೂ ಹೆಚ್ಚಾಗಿ ಬಳಸುವುದು ಸಿ-6 ಎಂಬ ಶ್ರುತಿಯನ್ನು: ಸಿ, ಇ, ಜಿ, ಎ, ಸಿ, ಇ. ಸಿ ಸ್ವರವನ್ನು ಷಡ್ಜವೆಂದುಕೊಂಡರೆ ಇದು ಸ, ಗ, ಪ, ದ, ಸ, ಗ ಆಗುತ್ತದೆ. ಮೋಹನದಲ್ಲಿ ರಿಷಭವೊಂದನ್ನು ಬಿಟ್ಟು ಉಳಿದ ಸ್ವರಗಳೆಲ್ಲ ಬರಿತಂತಿಯಲ್ಲೇ ದೊರೆತಂತಾಯಿತು. ಮೇಜರ್ ಮತ್ತು ಮೈನರ್ ಎರಡೂ ಬಗೆಯ ಕಾರ್ಡ್‌ಗಳು, ಅಂದರೆ ಸ್ವರಮೇಳಗಳು, ಬಾರನ್ನು ಓರೆ ಮಾಡದೆಯೇ ಸಿಗುವ ಕಾರಣ ಕಲಿಯುವವರಿಗೆ ನಾನು ಸೂಚಿಸುವುದು ಇದನ್ನೇ, ಮುಂದಿನ ಉದಾಹರಣೆಗಳೆಲ್ಲ ಇದಕ್ಕೇ ಹೊಂದುತ್ತವೆ.

571.5 ಮಿ.ಮೀ. ಉದ್ದಕ್ಕೆ ತೆಳು ತಂತಿಯಿಂದ ಆರಂಭಿಸಿ 0.015, 0.018, 0.022, 0.026, 0.030 ಮತ್ತು 0.036 ಇಂಚು ವ್ಯಾಸದ ತಂತಿಗಳು ಸರಿಹೊಂದುತ್ತವೆ. ಕೊನೆಯ ಮೂರು ಸುತ್ತುತಂತಿಗಳು, ಅಂದರೆ ಮೇಲೆ ಲೋಹದ ಎಳೆ ಸುತ್ತಿದವು. ಆವರ್ತನಗಳು ಕ್ರಮವಾಗಿ 329.63, 261.63, 220, 196, 164.81 ಮತ್ತು 130.81 ಹರ್ಟ್ಸ್. ಇದೇ ತಂತಿಗಳನ್ನು ಸಡಿಲಿಸಿ ಮೇಲೆ ಹೇಳಿದ ಜಿ ಶ್ರುತಿಗೆ ಇಳಿಸಲು ಹೋದರೆ ಮಂದ್ರದ ತಂತಿಗಳು ಜೋಲುಬಿದ್ದು ಬಾರಿನ ಕೆಳಗೆ ಬಡಿದಾಡುತ್ತವೆ. ಅದಕ್ಕೆ ದಪ್ಪನೆಯ ಬೇರೆ ತಂತಿಗಳೇ ಬೇಕು. ಶ್ರುತಿ ಮಾಡುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿ ನಿಲ್ಲಿಸಬೇಕು. ಸ್ವರ ಮೀರಿದರೆ ಪೂರ್ತಿ ಸಡಿಲಿಸಿ ಮತ್ತೆ ಏರಿಸುವುದು ಒಳ್ಳೆಯದು, ಇಲ್ಲವಾದರೆ ಬಿರಡೆಯ ಹಲ್ಲುಗಳ ಸಡಿಲದಿಂದಾಗಿ ಸ್ವಲ್ಪ ಹೊತ್ತಿನಲ್ಲೇ ಅದು ಕುಸಿಯುತ್ತದೆ.

ಶ್ರುತಿ ಅಳೆಯುವ ಯಂತ್ರ (ಟ್ಯೂನರ್) ತೋರಿಸುವ ಸೊನ್ನೆಗೆ ಎಲ್ಲ ತಂತಿಗಳನ್ನೂ ಸರಿಯಾಗಿ ಹೊಂದಿಸಿದ ಮೇಲೂ ಒಟ್ಟಾಗಿ ಮೀಟಿದಾಗ ಏನೋ ಅಲುಗಾಟ ಕೇಳಿಸಿದರೆ ಕಿವಿಯನ್ನು ದೂರಬೇಕಾಗಿಲ್ಲ. ಯಂತ್ರ ಅನುಸರಿಸುವ ಸಮಪಾಲಿನ ಸ್ವರಶ್ರೇಣಿಯಲ್ಲಿ ಗಾಂಧಾರ, ಧೈವತಗಳು ಸಹಜಸ್ಥಾನಕ್ಕಿಂತ ತುಸು ಮೇಲಿರುತ್ತವೆ. ಉದ್ದಕ್ಕೆ ಎಳೆದು ನಿಲ್ಲಿಸುವ ಸ್ಟೀಲ್‌ನ ನಾದದಲ್ಲಿ ಆ ವ್ಯತ್ಯಾಸ ಮರೆಯಾಗುವುದಿಲ್ಲ. ಸಿ ತಂತಿಗಳನ್ನು ಸೊನ್ನೆಯಲ್ಲಿಟ್ಟು, ಇ ತಂತಿಗಳನ್ನು 14 ಸೆಂಟ್, ಎ ತಂತಿಯನ್ನು 16 ಸೆಂಟ್ ಇಳಿಸಿ, ಜಿ ತಂತಿಯನ್ನು 2 ಸೆಂಟ್ ಏರಿಸಿದರೆ ಆರೂ ತಂತಿಗಳು ಅಲುಗಾಟವಿಲ್ಲದೆ ಒಂದಾಗಿ ನಿಲ್ಲುತ್ತವೆ. ಬಾರ್ ನೇರವಾಗಿದ್ದರೆ ಈ ಹೊಂದಿಕೆ ಪ್ರತಿಯೊಂದು ಫ್ರೆಟ್‌ಗೂ ಹಾಗೆಯೇ ಸಾಗಿ ಬರುತ್ತದೆ. ಪಿಯಾನೋ ಅಥವಾ ಕೀಬೋರ್ಡ್ ಜೊತೆಯಲ್ಲಿ ನುಡಿಸಬೇಕಾದಾಗ ಈ ಇಳಿಕೆಯನ್ನು ಅರ್ಧಕ್ಕೆ ನಿಲ್ಲಿಸುವುದುಂಟು.

ಬಾರ್ ಹಿಡಿಯುವುದು

ಒಂದು ತುದಿ ಗುಂಡಗಿರುವ, 19ರಿಂದ 22 ಮಿ.ಮೀ. ವ್ಯಾಸದ ದುಂಡನೆಯ ಉಕ್ಕಿನ ಬಾರ್ 150ರಿಂದ 250 ಗ್ರಾಂ ತೂಗುತ್ತದೆ. ಬದಿಗಳಲ್ಲಿ ತಗ್ಗಿರುವ, ಹಿಡಿಯಲು ಸುಲಭವಾದ ಹಗುರ ಬಾರ್‌ಗಳೂ ಸಿಗುತ್ತವೆ. ಪದೇಪದೇ ಎತ್ತಿ ಬಡಿಯುವ ಶೈಲಿಗೆ ಅವು ಒಳ್ಳೆಯವು. ಎಳೆದು ನುಡಿಸುವುದಕ್ಕೆ ಮಾತ್ರ ತೂಕವುಳ್ಳ ದುಂಡು ಬಾರ್‌ಗೆ ಸಾಟಿಯಿಲ್ಲ, ಏಕೆಂದರೆ ಅದರ ಭಾರವೇ ತಂತಿಯ ಮೇಲೆ ಬೇಕಾದ ಒತ್ತಡವನ್ನು ಕೊಡುತ್ತದೆ, ಕೈ ಬರಿದೇ ದಾರಿ ತೋರಿಸಿದರೆ ಸಾಕು.

ವಾದ್ಯದ ತಲೆ ಎಡಕ್ಕಿರುವಂತೆ ತೊಡೆಯ ಮೇಲೆ ಮಲಗಿಸಿದಾಗ ದಪ್ಪ ತಂತಿ ಮೈಗೆ ಹತ್ತಿರವಿದ್ದು ತೆಳು ತಂತಿ ಆಚೆಗಿರುತ್ತದೆ. ಬಾರಿನ ಗುಂಡುತುದಿ ಆಚೆಗೆ ಮುಖಮಾಡಿರಬೇಕು. ಹೆಬ್ಬೆರಳು ಮತ್ತು ಮಧ್ಯದ ಬೆರಳು ಬಾರನ್ನು ಎರಡು ಬದಿಯಿಂದ ತಬ್ಬಿಕೊಂಡರೆ ತೋರುಬೆರಳು ಮೇಲೆ ಮಲಗುತ್ತದೆ. ಉಂಗುರದ ಬೆರಳು ಮತ್ತು ಕಿರುಬೆರಳು ಬಾರಿನ ಹಿಂದೆ, ಅಂದರೆ ನಟ್ ಕಡೆ, ತಂತಿಗಳ ಮೇಲೆ ಸಡಿಲವಾಗಿ ಒರಗಿರಬೇಕು. ಈ ಎರಡು ಬೆರಳುಗಳ ಕೆಲಸವನ್ನು ಹೊಸಬರು ಅಲಂಕಾರವೆಂದು ಭಾವಿಸುತ್ತಾರೆ. ಅವುಗಳನ್ನು ಎತ್ತಿ ನುಡಿಸಿ ನೋಡಿದರೆ ಬಾರಿನ ಹಿಂಭಾಗದ ತಂತಿಯೂ ತನ್ನದೇ ಬೇರೊಂದು ಸ್ವರವನ್ನು ಮಿಡಿಯುವುದು, ಜಾರಿಸಿದಾಗಲೆಲ್ಲ ಕರಕರ ಸದ್ದು ಹಿಂಬಾಲಿಸುವುದು ತಿಳಿಯುತ್ತದೆ.

ಬಾರಿನ ನಡುಗೆರೆ ಫ್ರೆಟ್ ಗೆರೆಯ ನೇರ ಮೇಲಿರಬೇಕು. ತಂತಿ ಹಲಗೆಯಿಂದ 10 ಮಿ.ಮೀ. ಮೇಲಿರುವಾಗ 20 ಡಿಗ್ರಿ ಓರೆಯಿಂದ ನೋಡಿದರೆ ಗೆರೆ ಸುಮಾರು 3.6 ಮಿ.ಮೀ. ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಹನ್ನೆರಡನೆಯ ಫ್ರೆಟ್‌ನಲ್ಲಿ ಇಷ್ಟೇ ತಪ್ಪು 20 ಸೆಂಟ್‌ಗಿಂತ ಹೆಚ್ಚು ಅಪಸ್ವರ ತರುತ್ತದೆ. ಆದ್ದರಿಂದ ಮೇಲಿನ ಫ್ರೆಟ್‌ಗಳಿಗೆ ಹೋಗುವಾಗ ತಲೆಯನ್ನೂ ಸ್ವಲ್ಪ ಅತ್ತ ಸರಿಸಬೇಕು, ಕೊನೆಯ ತೀರ್ಪನ್ನು ಕಿವಿಗೇ ಬಿಡಬೇಕು. ಶ್ರುತಿಪೆಟ್ಟಿಗೆಯ ಒಂದೇ ಸ್ವರವನ್ನು ಹಿನ್ನೆಲೆಯಲ್ಲಿ ಇಟ್ಟುಕೊಂಡು ಅಭ್ಯಾಸ ಮಾಡಿದರೆ ಕಿವಿ ಬೇಗ ಪಳಗುತ್ತದೆ. ಕಂಪನವನ್ನು, ಅಂದರೆ ವೈಬ್ರಾಟೋವನ್ನು, ಸ್ವರ ನಿಂತ ಮೇಲೆ ಆರಂಭಿಸಬೇಕು. ಗೆರೆಯ ಎರಡೂ ಬದಿಗೆ ಸಮನಾಗಿ, ನಿಧಾನವಾಗಿ ಬಾರನ್ನು ಅಲುಗಿಸಿದರೆ ಸಾಕು. ಅಸ್ಥಿರವಾದ ಸ್ವರವನ್ನು ಮುಚ್ಚಿಕೊಳ್ಳಲು ವೇಗದ ಕಂಪನ ಹಾಕುವುದು ಈ ವಾದ್ಯದ ಅತಿ ಸಾಮಾನ್ಯ ದುರಭ್ಯಾಸ.

ಬಲಗೈಗೆ ಹೆಬ್ಬೆರಳಿನ ಪ್ಲಾಸ್ಟಿಕ್ ಪಿಕ್ ಒಂದು, ತೋರುಬೆರಳು ಮತ್ತು ಮಧ್ಯದ ಬೆರಳಿಗೆ ಲೋಹದ ಪಿಕ್‌ಗಳೆರಡು. ಮೀಟುವುದಕ್ಕಿಂತ ಅಡಗಿಸುವುದು ಕಷ್ಟದ ವಿದ್ಯೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರು ಬೇಡವೆನಿಸಿದಾಗ ಅಂಗೈಯ ಕಿರುಬೆರಳಿನ ಕಡೆಯ ಅಂಚನ್ನು ತಂತಿಗಳ ಮೇಲೆ ಮೆಲ್ಲನೆ ಇಳಿಸಿ ನಾದ ನಿಲ್ಲಿಸಿ, ಬಾರನ್ನು ಸರಿಸಿ, ಕೈಯೆತ್ತಿ ಮತ್ತೆ ಮೀಟಬೇಕು. ಇವೆಲ್ಲ ಕ್ಷಣಾರ್ಧದಲ್ಲಿ ನಡೆಯಬೇಕಾದ್ದರಿಂದ ಮೊದಲು ಐದನೆಯ ಮತ್ತು ಏಳನೆಯ ಫ್ರೆಟ್‌ಗಳ ನಡುವೆ ತೀರ ನಿಧಾನಗತಿಯಲ್ಲಿ ಸಾಧನೆ ಮಾಡುವುದು ಒಳ್ಳೆಯದು. ಇದು ಕೈಗೂಡುವವರೆಗೆ ಎಲ್ಲ ಸ್ವರಗಳೂ ಒಂದರೊಳಗೊಂದು ಹರಿದು ಕಲಸುಮೇಲೋಗರವಾಗುತ್ತವೆ.

ನೇರ ಬಾರಿನಿಂದ ಓರೆ ಬಾರಿಗೆ

ತೆಳು ತಂತಿಯನ್ನು ಒಂದನೆಯದೆಂದು ಎಣಿಸಿದರೆ ಸಿ-6 ಶ್ರುತಿಯಲ್ಲಿ ಆರು, ಐದು, ನಾಲ್ಕನೆಯ ತಂತಿಗಳು ಸೇರಿ ಮೇಜರ್ ಕಾರ್ಡ್ ಆಗುತ್ತದೆ. ಮೂರು, ಎರಡು, ಒಂದನೆಯವು ಸೇರಿ ಮೈನರ್ ಕಾರ್ಡ್ ಆಗುತ್ತದೆ. ಬರಿತಂತಿಯಲ್ಲಿ ಇಲ್ಲವೆ ಹನ್ನೆರಡನೆಯ ಫ್ರೆಟ್‌ನಲ್ಲಿ ಸಿ ಮೇಜರ್ ಮತ್ತು ಎ ಮೈನರ್, ಐದರಲ್ಲಿ ಎಫ್ ಮೇಜರ್ ಮತ್ತು ಡಿ ಮೈನರ್, ಏಳರಲ್ಲಿ ಜಿ ಮೇಜರ್ ಮತ್ತು ಇ ಮೈನರ್ ದೊರೆಯುತ್ತವೆ. ಅಸಂಖ್ಯ ಸರಳ ಹಾಡುಗಳಿಗೆ ಇಷ್ಟು ಸಾಕು.

ಇದರಿಂದ ಹೊರಡುವ ಸೊಗಸಾದ ಸಾಧನೆಯೊಂದಿದೆ. ಎರಡು ಮತ್ತು ಒಂದನೆಯ ತಂತಿಗಳ ನಡುವೆ ಮೇಜರ್ ತೃತೀಯದ (ನಾಲ್ಕು ಅರ್ಧಸ್ವರಗಳ) ಅಂತರವಿದೆ, ಮೂರು ಮತ್ತು ಎರಡನೆಯವುಗಳ ನಡುವೆ ಮೈನರ್ ತೃತೀಯದ (ಮೂರು ಅರ್ಧಸ್ವರಗಳ) ಅಂತರವಿದೆ. ಆದುದರಿಂದ ಸಿ ಮೇಜರ್ ಶ್ರೇಣಿಯನ್ನು ಇಡಿಯಾಗಿ ಜೋಡಿಸ್ವರಗಳಲ್ಲಿ, ಬಾರನ್ನು ಒಮ್ಮೆಯೂ ಓರೆ ಮಾಡದೆ ನುಡಿಸಬಹುದು. ಎರಡು ಮತ್ತು ಒಂದನೆಯ ತಂತಿಗಳನ್ನು ಬರಿದೇ ಮೀಟಿ ಆರಂಭಿಸಿ, ಮೂರು ಮತ್ತು ಎರಡನೆಯ ತಂತಿಗಳಿಗೆ ಇಳಿದು ಐದನೆಯ ಫ್ರೆಟ್, ಅಲ್ಲಿಂದ ಏಳನೆಯದು. ಮತ್ತೆ ಎರಡು ಮತ್ತು ಒಂದನೆಯ ತಂತಿಗಳಿಗೆ ಬಂದು ಐದು, ಏಳು. ಪುನಃ ಮೂರು ಮತ್ತು ಎರಡನೆಯವುಗಳಲ್ಲಿ ಹನ್ನೆರಡು, ಹದಿನಾಲ್ಕು. ಕೊನೆಗೆ ಎರಡು ಮತ್ತು ಒಂದನೆಯವುಗಳಲ್ಲಿ ಹನ್ನೆರಡು. ತಂತಿಜೋಡಿ ಬದಲಾಗುವ ಪ್ರತಿ ಸಲವೂ ಬಿಟ್ಟ ತಂತಿಯನ್ನು ಅಂಗೈ ಅಡಗಿಸಲೇಬೇಕಾಗುವುದರಿಂದ ಎರಡೂ ಕೈಗಳಿಗೆ ಒಟ್ಟಿಗೆ ವ್ಯಾಯಾಮವಾಗುತ್ತದೆ.

ನೇರ ಬಾರಿಗೆ ಎಟುಕದ ಸ್ವರಜೋಡಿಗಳಿಗೆ ಬಾರನ್ನು ಓರೆ ಹಿಡಿಯಬೇಕು. ಗುಂಡುತುದಿ ಬ್ರಿಡ್ಜ್ ಕಡೆಗೆ ಮುಂದಾದರೆ ಮುಂದೋರೆ, ನಟ್ ಕಡೆಗೆ ಹಿಂದಾದರೆ ಹಿಂದೋರೆ. ಮಣಿಕಟ್ಟಿಗೆ ಸಹಜವಾದದ್ದು ಮೊದಲನೆಯದು. ಐದನೆಯ ತಂತಿಯಲ್ಲಿ ಹತ್ತನೆಯ ಫ್ರೆಟ್, ಎರಡನೆಯ ತಂತಿಯಲ್ಲಿ ಹನ್ನೊಂದನೆಯದು ಬರುವಂತೆ ಬಾರನ್ನು ಮುಂದೋರೆಯಾಗಿಟ್ಟು ಆ ಎರಡು ತಂತಿಗಳನ್ನು ಮಾತ್ರ ಮೀಟಿದರೆ ಡಿ ಮತ್ತು ಬಿ ಸ್ವರಗಳು, ಅಂದರೆ ಜಿ ಕಾರ್ಡ್‌ನ ಎರಡು ಸ್ವರಗಳು ಕೇಳುತ್ತವೆ. ಅಲ್ಲಿಂದ ನಾದ ನಿಲ್ಲಿಸದೆ ಬಾರನ್ನು ನೇರಗೊಳಿಸುತ್ತ ಹನ್ನೆರಡನೆಯ ಫ್ರೆಟ್‌ಗೆ ತಂದಾಗ ಇ ಮತ್ತು ಸಿ ಬಂದು ಸ್ವರಮೇಳ ತನ್ನ ನೆಲೆಗೆ ಮರಳುತ್ತದೆ. ಕೆಳಗಿನ ಸ್ವರ ಎರಡು ಫ್ರೆಟ್ ಸಾಗುವ ಹೊತ್ತಿನಲ್ಲಿ ಮೇಲಿನದು ಒಂದೇ ಫ್ರೆಟ್ ಸಾಗುವ ಈ ಅಸಮ ನಡೆಯೇ ಸ್ಟೀಲ್ ಗಿಟಾರಿನ ಗುರುತು. ಇದೇ ಚಲನೆಯನ್ನು ಐದನೆಯ ತಂತಿಯ ಮೂರನೆಯ ಫ್ರೆಟ್ ಮತ್ತು ಎರಡನೆಯ ತಂತಿಯ ನಾಲ್ಕನೆಯದರಿಂದ ಆರಂಭಿಸಿ ಐದನೆಯ ಫ್ರೆಟ್‌ನಲ್ಲಿ ನೇರಗೊಳಿಸಿದರೆ ಸಿ ಇಂದ ಎಫ್‌ಗೆ ಹೋದಂತಾಗುತ್ತದೆ. ಆದರೆ ಹತ್ತಕ್ಕೂ ಹನ್ನೊಂದಕ್ಕೂ ನಡುವಿನ ಅಂತರ 18 ಮಿ.ಮೀ. ಆಗಿದ್ದರೆ ಮೂರಕ್ಕೂ ನಾಲ್ಕಕ್ಕೂ ನಡುವೆ 27 ಮಿ.ಮೀ. ಇದೆ, ಓರೆ ಸುಮಾರು 32 ಡಿಗ್ರಿಯಿಂದ 43ಕ್ಕೆ ಏರುತ್ತದೆ, ಹಿಂದಿನ ಎರಡು ಬೆರಳುಗಳು ತಂತಿಯಿಂದ ಮೇಲೇಳಲು ತವಕಿಸುತ್ತವೆ. ಹಾಗಾಗಿ ಓರೆಯ ಅಭ್ಯಾಸವನ್ನು ಹತ್ತನೆಯ ಫ್ರೆಟ್‌ನಿಂದ ಮೊದಲುಮಾಡಿ, ಕೈ ಸಡಿಲಾದಂತೆಲ್ಲ ಒಂದೊಂದೇ ಫ್ರೆಟ್ ಕೆಳಗಿಳಿಯುತ್ತ ಮೂರನೆಯದಕ್ಕೆ ಬರುವುದು ಲೇಸು.